ಜಗಲಿಗೆ ಕೇಳಿಸದ ಮಾತು

ಅಪ್ಪಾ,

ಬಿ.ಎ.ಗೆ ಸಮಾಜಶಾಸ್ತ್ರ ತೆಗೆದುಕೊಂಡೆ ಎಂದಾಗ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಕ್ಕಿದ್ದೆಯಲ್ಲ, ನೆನಪಿದೆಯಾ? “ಜನ ಹೆಂಗವ್ರೆ ಅಂತ ತಿಳ್ಕಳಾಕೆ ಕಾಲೇಜು ಬೇಕೇನವ್ವಾ? ನನ್ ಕೇಳು, ಹೇಳ್ತೀನಿ.” ನಾನೂ ನಕ್ಕುಬಿಟ್ಟೆ. ಅವತ್ತೇ ಕೇಳಬೇಕಿತ್ತು.

ಕೆರೆಯ ಹೂಳೆತ್ತಲು ಸಭೆ ಕರೆದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಭೆ ಗುಡಿಯ ಜಗಲಿಯಲ್ಲಿ. ಜಮೀನಿದ್ದವರು ಜಮಖಾನದ ಮೇಲೆ, ಎಂಜಿನಿಯರು ಕುರ್ಚಿಯಲ್ಲಿ. ನಮ್ಮ ಕೇರಿಯವರು ಜಗಲಿ ಹತ್ತುವ ಹಾಗಿಲ್ಲವಲ್ಲ, ನೀನು ಆಚೆ ಹೊಂಗೆ ಮರದ ಕೆಳಗೆ. ತೂಬು ಎತ್ತಿ ಊರಿನ ಗದ್ದೆಗಳಿಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿ ನೀನು. ಆ ಕೆರೆಯ ತಳ ನಿನ್ನಷ್ಟು ಯಾರಿಗೆ ಗೊತ್ತಿತ್ತು? “ಜೇಡಿಮಣ್ಣು ಸಿಕ್ಕಿದ್ ಕೂಡ್ಲೆ ನಿಲ್ಸಿ ಸ್ವಾಮೀ! ಅದುನ್ನ ಬಗುದ್ರೆ ನೀರು ನಿಲ್ಲಾಕಿಲ್ಲ!” ಎಂದು ಅಲ್ಲಿಂದಲೇ ಕೂಗಿದೆ. ಜಗಲಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿಯೂ...

ಬುಲ್ಡೋಜರು ಜೇಡಿಯನ್ನೂ ಬಗೆದುಹಾಕಿತು. ಆ ವರ್ಷ ತುಂಬಿದ ಕೆರೆ ದೀಪಾವಳಿಯೊಳಗೆ ಇಂಗಿಹೋಯಿತು. ತೂಬು ಸರಿಯಾಗಿ ಮುಚ್ಚಲಿಲ್ಲವೆಂದು ಊರು ನಿನ್ನನ್ನೇ ಬೈಯಿತು. ನೀನು ತುಟಿ ಬಿಚ್ಚಲಿಲ್ಲ. ಅವ್ವನನ್ನು ಒಣಗಿದ ಕೆರೆಗೆ ಕರೆದೊಯ್ದು, ಜೇಡಿ ಕಿತ್ತುಹೋದ ಜಾಗಗಳನ್ನು ಒಂದೊಂದಾಗಿ ತೋರಿಸಿದೆಯಂತೆ, ಅಷ್ಟೇ. ಅದೇ ಕೊರಗಿನಲ್ಲಿ ನೀನು ಹೋಗಿಬಿಟ್ಟೆ. ಸುಮ್ಮನಿದ್ದುದಕ್ಕೆ ನಿನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಈಗ ನನಗೆ ಬೇಲೂರಿನಲ್ಲಿ ಕೆರೆ ಯೋಜನೆಯದೇ ಕೆಲಸ. ಮಳೆ, ಮಣ್ಣು, ಮರ ಎಲ್ಲವನ್ನೂ ಅಳೆದು ಬರೆಯುತ್ತಾರೆ ನಮ್ಮ ಆಫೀಸಿನಲ್ಲಿ. ಊರಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಮಾತು ನಡೆಯುವುದಿಲ್ಲ ಎಂದು ಬರೆಯಲು ಅವರ ಫಾರಮ್ಮಿನಲ್ಲಿ ಜಾಗವೇ ಇಲ್ಲ. ಹೋದ ತಿಂಗಳು ನಮ್ಮ ಕೆರೆಯ ಸರದಿ ಬಂತು. ಈ ಸಲ ಇನ್ನೂ ಆಳಕ್ಕೆ ತೋಡುವುದಂತೆ. ಸಭೆ ಮತ್ತೆ ಅದೇ ಜಗಲಿಯಲ್ಲಿ!

“ಎಲ್ಲಾ ಒಪ್ಕಂಡವ್ರೆ, ಸಹಿ ಹಾಕಿ ಮೇಡಂ” ಎಂದರು ಗೌಡರು.

ಎಲ್ಲಾ ಅಂದರೆ ಯಾರು? ಅಷ್ಟು ವರ್ಷ ಓದಿದ್ದು ಈ ಒಂದು ಪ್ರಶ್ನೆ ಕೇಳುವುದಕ್ಕೇ ಇರಬೇಕು ಅಪ್ಪಾ. ಸಭೆ ಕೆರೆ ಏರಿಯ ಮೇಲೆ ನಡೆಯದಿದ್ದರೆ ನನ್ನ ಸಹಿ ಇಲ್ಲ ಎಂದೆ. ಕೆಲಸ ಹೋಗುತ್ತದೆ ಎಂದು ಹೆದರಿಸಿದರು. ಹೋಗಲಿ ಎಂದೆ.

ಮೊನ್ನೆ ಸೋಮವಾರ ಎಲ್ಲರೂ ಏರಿಗೆ ಬಂದರು, ನಮ್ಮ ಕೇರಿಯವರೂ. ಗೌಡರು ಪಂಚೆ ಮಡಚಿಕೊಂಡು ಹುಲ್ಲಿನ ಮೇಲೇ ಕೂತರು. “ಈ ಕೆರೇಲಿ ನೀರು ಯಾಕೆ ನಿಲ್ತಿಲ್ಲ?” ಎಂದು ಕೇಳಿದರು ಹೊಸ ಎಂಜಿನಿಯರು.

“ಬನ್ನಿ, ತೋರುಸ್ತೀನಿ” ಎಂದು ಅವ್ವ ಎದ್ದಳು. ಜಗಲಿಯವರೆಲ್ಲ ಅವಳ ಹಿಂದೆ ಕೆರೆಗೆ ಇಳಿದರು. ನಿನ್ನ ಮಾತನ್ನೇ ಹೇಳಿದಳು ಅಪ್ಪಾ. ಕೂಗಬೇಕಾಗಲಿಲ್ಲ.