ತಿಪ್ಪಜ್ಜಿಯ ಪದ ಮತ್ತು ಏರೋಪ್ಲೇನ್ ಮೋಡ್

ನವೆಂಬರ್ 3, ಸೋಮವಾರ

ಸಿಂಗಟಗೆರೆಗೆ ಬಾಡಿಗೆಗೆ ಕೊಟ್ಟಿದ್ದ ಸ್ಪೀಕರ್ ಬಾಕ್ಸ್‌ಗಳು ವಾಪಸ್ ಬಂದವು. ಒಂದರೊಳಗೆ ಹಲ್ಲಿ. ಮೂರು ದಿನ ಹಾಡು ಕೇಳಿಯೂ ತಲೆನೋವೆನ್ನದ ಏಕೈಕ ಗಿರಾಕಿ.

ನಿಶ್ಚಿತಾಳ ಮದುವೆ 23ಕ್ಕೆ. ಧಾರೆಗೆ ಅವಳ ಅಜ್ಜಿ ತಿಪ್ಪಮ್ಮನವರ ಸೋಬಾನೆ ಪದ ಹಾಕಬೇಕು. ಟೆಸ್ಟ್ ಮಾಡೋಣವೆಂದು ಹೆಂಡತಿ ವಿದ್ಯಾಶ್ರೀಯ ಫೋನಿನಲ್ಲಿ ಹಾಡಿನ ಆ್ಯಪ್ ತೆರೆದೆ. ಪದದ ಹೆಸರು ಬೂದಿ ಬಣ್ಣಕ್ಕೆ ತಿರುಗಿದೆ. ಈ ಹಾಡು ಈಗ ಲಭ್ಯವಿಲ್ಲವಂತೆ.

"ತಿಂಗ್ಳು ತಿಂಗ್ಳು ಕಟ್ತೀರಲ್ರೀ?" — ಹೆಂಡತಿ.

ಕಟ್ಟುತ್ತೇನೆ. ಖಾತೆ ನನ್ನ ಹೆಸರಿಗೇ ಇದೆ ಅಂದುಕೊಂಡಿದ್ದೆ. ನೋಡಿದರೆ ಬರೀ ಗೇಣಿ. ಉಳುವವನಿಗೆ ಹೊಲ ಕೊಟ್ಟ ಸರ್ಕಾರ ಕೇಳುವವನಿಗೆ ಹಾಡು ಕೊಡಲು ಮರೆತಿದೆ.

ಆ್ಯಪ್‌ಗೆ ಪದವನ್ನು ಹಾಕಿಕೊಟ್ಟ ಕಂಪನಿಯ ನಂಬರ್ ಚಾಲ್ತಿಯಲ್ಲಿಲ್ಲ. ಪದವನ್ನು ನಾನು ರೆಕಾರ್ಡ್ ಮಾಡಿದ್ದ ಮೆಮೊರಿ ಕಾರ್ಡ್… ಫಾರ್ಮ್ಯಾಟ್ ಮಾಡಿದವನು ನಾನೇ. ಡಿಜೆ ಹಾಡಿಗೆ ಜಾಗ ಸಾಲದು ಅಂತ. ಆ್ಯಪ್‌ನಲ್ಲಿ ಇದೆಯಲ್ಲ ಅಂತ.



ನವೆಂಬರ್ 4

ಕಡೂರು. ಹೊನ್ನೇಶನ ಮೊಬೈಲ್ ಅಂಗಡಿ. ನನ್ನ ಫೋನಿಗೆ ಹೋದ ತಿಂಗಳು 18ರಿಂದ ನೆಟ್ ಹಾಕಿಸಿಲ್ಲ. ಜಿಪುಣತನಕ್ಕೆ ಜಯವಾಗಲಿ — ಅದರೊಳಗೆ ಪದ ಡೌನ್‌ಲೋಡ್ ಆಗಿತ್ತು.

"ಲೇ ಪ್ರಸಾದ, ಮೊದ್ಲು ಏರೋಪ್ಲೇನ್ ಮೋಡ್‌ಗೆ ಹಾಕು. ನೆಟ್ ತಾಗಿದ್ರೆ ಅಳಿಸ್ಕಂಡ್ ಹೋಯ್ತದೆ. ಮೂವತ್ ದಿನ ನೆಟ್ ಕಾಣ್ದಿದ್ರೂ ಹೋಯ್ತದೆ."

"ಡೌನ್‌ಲೋಡ್ ಮಾಡಿದ್ದು ಕಣೋ."

"ಪೆಟ್ಗೆ ನಿನ್ನ ಮನೇಲಿದೆ, ಬೀಗದ ಕೈ ಅವ್ರ ಹತ್ರ. ಮಿಕ್ಸರ್‌ಗೆ ವೈರ್ ಹಾಕು, ರೆಕಾರ್ಡ್ ಒತ್ತು, ಆಮೇಲೆ ಒಂದೇ ಸಲ ಆ್ಯಪ್ ತೆರಿ, ತೆರ್ದಾಗೆಲ್ಲ ಅದು ಲೆಕ್ಕ ನೋಡ್ತದೆ. ಆಗ್ಲೂ ಕೈ ಕೊಟ್ರೆ ನನ್ನ ಬೈಬ್ಯಾಡ."

ಅಂದರೆ 17ರೊಳಗೆ. ಒಂದೇ ಸಲ.

ನವೆಂಬರ್ 9, ಭಾನುವಾರ

ಐದು ದಿನದಿಂದ ಫೋನ್ ವಿಮಾನದಲ್ಲಿದೆ, ನಾನು ಅಜ್ಜಂಪುರದಲ್ಲಿ. ಯಾರ ಕೈಗೂ ಸಿಗದಿರಲೆಂದು ಅದನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ತರೀಕೆರೆಯ ಎರಡು ಮದುವೆ ಕೈತಪ್ಪಿದವು, ಫೋನ್ ಸಿಗಲಿಲ್ಲವಂತೆ.

ತಿಪ್ಪಜ್ಜಿ ಬಂದರು. ಗಂಟಲಿನ ಆಪರೇಷನ್ ಆಗಿ ವರ್ಷ, ದನಿ ಇಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಇದೇ ಅಂಗಡಿಯಲ್ಲಿ ಕೂತು ಹಾಡಿ, "ಗಂಟ್ಲು ಉಳೀತದೋ ಇಲ್ವೋ. ನಿಶ್ಚಿತನ ಧಾರೆಗೆ ಇದಿರ್ಲಿ. ಜ್ವಾಪಾನವಾಗಿ ಇಟ್ಕಂಡಿರಪ್ಪ" ಅಂದಿದ್ದರು. ಇವತ್ತು ಕಿವಿ ಮುಟ್ಟಿ ತೋರಿಸಿದರು — ಕೇಳಿಸು.

"ಮದ್ವೆ ದಿನ ಕೇಳ್ರಜ್ಜಿ. ಈಗ್ಲೇ ಕೇಳಿದ್ರೆ ದೃಷ್ಟಿ ಆಗ್ತದೆ."

ನಕ್ಕರು. ನಂಬಿ ಹೋದರು.

ನವೆಂಬರ್ 12

ವೈರ್ ಹಾಕಿದೆ. ಒತ್ತಲಿಲ್ಲ. ವೈರ್ ಬಿಚ್ಚಿದೆ.

ನವೆಂಬರ್ 14

ಅದೇ.

ನವೆಂಬರ್ 16, ಭಾನುವಾರ. ಬೆಳಿಗ್ಗೆ 11

ನಾಳೆ ಮೂವತ್ತನೇ ದಿನ. ವಿದ್ಯಾಶ್ರೀ ಅಜ್ಜಿಯನ್ನೇ ಕರೆತಂದು ಕೂರಿಸಿದಳು. "ಅವ್ರ ಪದ ಅಲ್ವೇನ್ರೀ? ಇದ್ದದ್ದು ಹೇಳ್ಬಿಡಿ."

ಹೇಳಿದೆ. ಕಾರ್ಡ್ ವಿಷಯವನ್ನೂ. ಅಜ್ಜಿಗೆ ಬೈಯಲು ದನಿಯಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

ರೆಕಾರ್ಡ್ ಒತ್ತಿ, ಕೆಂಪು ದೀಪ ಹತ್ತಿತು. ಆ್ಯಪ್ ತೆರೆದು ಹಾಡು ಒತ್ತಿದೆ. ಫೋನ್ ನೋಡುವ ಧೈರ್ಯವಿಲ್ಲ. ತಲೆ ತಗ್ಗಿಸಿ ಇದನ್ನು ಬರೆಯುತ್ತಿದ್ದೇನೆ.

ಬಂತು. ಮೊದಲು ಕೆಮ್ಮು. ಆಮೇಲೆ ಮೊದಲ ಸಾಲು.

ಸೋಬಾನೆಯಲ್ಲಿ ಒಬ್ಬರು ಹೇಳಿ ನಿಲ್ಲಿಸುತ್ತಾರೆ, ಉಳಿದ ಹೆಂಗಸರು ಅದನ್ನೇ ಹಿಂದಿನಿಂದ ಹೇಳುತ್ತಾರೆ. ಚಪ್ಪರದ ಹೆಂಗಸರಿಗೆಂದು ಅಜ್ಜಿ ಅವತ್ತು ಪ್ರತಿ ಸಾಲಿಗೂ ಬಿಡುವು ಬಿಟ್ಟೇ ಹಾಡಿದ್ದರು. ಒಂದೊಂದು ಬಿಡುವಿಗೂ ನನ್ನ ಜೀವ ಹೋಗಿ ಬರುತ್ತಿದೆ — ಇದು ಬಿಡುವೋ, ಆ್ಯಪ್ ಕೈ ಕೊಟ್ಟಿದ್ದೋ?

ಅಜ್ಜಿ ಮೇಜಿನ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದಾರೆ. ಬಿಡುವು ಎಷ್ಟುದ್ದವೆಂದು ಆ ಬೆರಳಿಗೆ ಗೊತ್ತು. ಇನ್ನು ಬೆರಳನ್ನೇ ನೋಡುತ್ತೇನೆ.

ಎರಡನೇ ಸಾಲು. ಬಿಡುವು. ಬೆರಳು ಆಡುತ್ತಿದೆ.

ಮೂರನೇ ಸಾಲು. ಬಿಡುವು. ಬೆರಳು ಆಡುತ್ತಿದೆ. ಬಿಡುವೇ ಇದು. ಆಡುತ್ತಿದೆ… ಇನ್ನೂ ಆಡುತ್ತಿದೆ…

ಬೆರಳು ನಿಂತಿತು. ನಾಲ್ಕನೇ ಸಾಲು ಬರಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿ ತಲೆಯಲ್ಲಾಡಿಸಿದರು — ಇದು ಬಿಡುವಲ್ಲ.