ಕಡಲ ಕಡೆಯ ಕಿಟಕಿ

ಕಿಮ್ ಲಾಂಗ್, ಹ್ವೆ
ಎರಡನೇ ತಿಂಗಳು, ಹುಣ್ಣಿಮೆ ಕಳೆದ ಮೂರನೇ ದಿನ

ಪ್ರೀತಿಯ ತಮ್ಮ ಖಾಂಗ್,

ಹೇಗಿದ್ದೀಯಪ್ಪ? ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಬೆನ್ನುನೋವು ಇಳಿಯಿತೇ? ಲೊವಾನ್‌ಳಂಥ ಹೆಂಡತಿ ಸಿಕ್ಕಿದ್ದು ನಿನ್ನ ಪುಣ್ಯ, ನೋವಿದೆಯೆಂದು ಅವಳ ಮೇಲೆ ರೇಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮೊಣಕಾಲು ಮಾತ್ರ ಆಗಾಗ ಮುಷ್ಕರ ಹೂಡುತ್ತದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಗೆ ಹೇಳಲಿ? ನಿನ್ನ ಹೆಸರೆತ್ತಿದರೆ ಸಾಕು, ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಪಕ್ಕ ಕೂರುತ್ತಾಳೆ. ಅವಳ ಕಿವಿ ಈಗ ಬಲು ಚುರುಕು. ಅದಕ್ಕೇ ಈ ಕಾಗದ.

ನಿನ್ನ ಪತ್ರ ಮೊನ್ನೆ ನನ್ನ ಅಂಗಡಿಗೆ ಬಂತು. ‘ಅಮ್ಮನ್ನ ಕರ್ಕೊಂಡು ಬರಬೇಡ ಅಕ್ಕಾ. ನನ್ನ ಈ ಮುಖ ನೋಡಿದ್ರೆ ಅವಳು ಬದುಕಲ್ಲ’ ಎಂದು ಬರೆದಿದ್ದೀಯ. ಅದನ್ನೇ ನಾಲ್ಕು ಸಲ ಓದುತ್ತ ಕೂತಿದ್ದೆ. ಹಬೆಯಲ್ಲಿಟ್ಟಿದ್ದ ಬಟ್ಟಲು ಕಡುಬಿನ ಪಾತ್ರೆಯ ನೀರು ಇಂಗಿ ತಳ ಸೀದುಹೋಯಿತು. ನಿನ್ನ ಮಾತು ಸುಳ್ಳೆಂದು ನಾನು ಹೇಗೆ ಹೇಳಲಿ? ಹೋದ ತಿಂಗಳು ಆಸ್ಪತ್ರೆಗೆ ಬಂದಾಗ ಪಕ್ಕದ ಮಂಚದವನನ್ನು ನೀನೆಂದುಕೊಂಡು ನಕ್ಕವಳು ನಾನು. ಒಡಹುಟ್ಟಿದವಳಿಗೇ ಹಾಗಾದರೆ ಹೆತ್ತವಳ ಗತಿಯೇನು? ಆವತ್ತು ನೀನೂ ನಕ್ಕುಬಿಟ್ಟೆ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಹೊಟ್ಟೆಯ ಗಡ್ಡೆ ಹರಡಿದೆ, ಈ ಮಳೆಗಾಲ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ನಮ್ಮ ಮೂವರಿಗೆ ಗೊತ್ತು. ಅಮ್ಮನಿಗೆ ಮಾತ್ರ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಆದರೆ ಅವಳನ್ನು ತಡೆಯುವುದು ನನ್ನಿಂದಾಗದು ಕಣೋ. ಹೊಸವರ್ಷದ ತೆತ್ ಹಬ್ಬಕ್ಕೆ ನೀನು ಬರಲಿಲ್ಲ. ರೇವಿನ ಕೆಲಸದಲ್ಲಿ ರಜೆ ಕೊಡಲಿಲ್ಲವಂತೆ ಎಂದು ನಾನು ಹೇಳಿದ್ದನ್ನು ನಂಬಿದಳೋ ಬಿಟ್ಟಳೋ, ಹಬ್ಬದ ಮೂರು ದಿನವೂ ನಿನ್ನ ಬಟ್ಟಲು, ಊಟದ ಕಡ್ಡಿ ಇಟ್ಟಳು. ಮೂರು ದಿನವೂ ಅವನ್ನು ತೊಳೆದು ಎತ್ತಿಟ್ಟಳು. ನಾಲ್ಕನೆಯ ದಿನ ಅಪ್ಪನ ಪೂಜಾಪೀಠದ ಮುಂದೆ ಊದುಬತ್ತಿ ಹಚ್ಚಿ ನನ್ನ ಕಡೆ ತಿರುಗಿ, ‘ಅವನಿಗೆ ಬರೋಕಾಗದಿದ್ರೆ ನಾನೇ ಹೋಗ್ತೀನಿ. ಬೆಳಿಗ್ಗೆ ಹೋಗಿ ಸಂಜೆ ಬರೋದಕ್ಕೆ ನಿಮ್ಮೆಲ್ಲರ ಅಪ್ಪಣೆ ಬೇಕಾ?’ ಎಂದಳು. ದಾ ನಾಂಗ್ ರೈಲು ಬಲು ತಡ ಮಾಡುತ್ತದೆ ಎಂದೆ. ‘ನನಗೇನು ಕಚೇರಿಗೆ ಹೋಗೋದಿದೆಯಾ?’ ಎಂದಳು.

ಆಮೇಲೆ ದಿನ ನೋಡುವ ಸಂಭ್ರಮ. ನಿನಗೆ ಗೊತ್ತಲ್ಲ, ಏಳರಂದು ಹೊರಡಬಾರದು, ಮೂರರಂದು ಮರಳಬಾರದು. ಐದು, ಹದಿನಾಲ್ಕು, ಇಪ್ಪತ್ಮೂರಂತೂ ಕೇಳುವುದೇ ಬೇಡ. ಹೋಗಿ ಬರುವುದು ಒಂದೇ ದಿನವಾದ್ದರಿಂದ ಎರಡು ಕಡೆಯ ಕೆಟ್ಟ ದಿನಗಳನ್ನೂ ಬಿಡಬೇಕೆಂದು ಬೆರಳು ಮಡಚಿ ಎಣಿಸಿ ಎಣಿಸಿ, ಕೊನೆಗೆ ಇಪ್ಪತ್ತಾರು ಎಂದು ಗೊತ್ತು ಮಾಡಿದಳು. ಗೋಡೆಯ ಕ್ಯಾಲೆಂಡರ್ ಈಗಲೂ ಅವಳದೇ ಸುಪರ್ದಿ, ಬೆಳಿಗ್ಗೆ ಎದ್ದೊಡನೆ ಒಂದು ಹಾಳೆ ಹರಿಯದಿದ್ದರೆ ಅವಳಿಗೆ ಬೆಳಗೇ ಆಗುವುದಿಲ್ಲ. ಮೊನ್ನೆ ಒಂದು ತಮಾಷೆಯೂ ಆಯಿತು. ಆ ಕ್ಯಾಲೆಂಡರನ್ನೇ ನಂಬಿ ನಾನು ಹುಣ್ಣಿಮೆಯ ಹೂವು ತರಲು ಪೇಟೆಗೆ ಹೋದರೆ ಹೂವಿನವಳು ಬಿದ್ದು ಬಿದ್ದು ನಕ್ಕಳು, ‘ಅಕ್ಕಾ, ಹುಣ್ಣಿಮೆ ನಾಳೆ. ಚಂದ್ರನಿಗೆ ಮೊದಲೇ ಹೇಳಿ ಕಳಿಸಿದ್ರಾ?’ ಎಂದು. ಅಮ್ಮ ಒಂದೇ ದಿನ ಎರಡು ಹಾಳೆ ಹರಿದಿದ್ದಳು. ಹುಣ್ಣಿಮೆಯ ಸಸ್ಯಾಹಾರದ ವ್ರತಕ್ಕೆಂದು ಬೇಯಿಸಿಟ್ಟಿದ್ದ ಸೊಪ್ಪು ತೋಫು ಆವತ್ತು ತಿಂದದ್ದಲ್ಲದೆ ಮಾರನೆಯ ದಿನ ಮತ್ತೆ ಅದನ್ನೇ ತಿಂದೆ.

ಟಿಕೆಟ್ಟನ್ನು ನಿನ್ನ ಪತ್ರ ಬರುವ ಮೊದಲೇ ತೆಗೆಸಿದ್ದೆ. ಬೆಳಗಿನ ಗಾಡಿ, ಹತ್ತೂವರೆ ಹನ್ನೊಂದರ ಹೊತ್ತಿಗೆ ನಿಮ್ಮೂರು. ಮಧ್ಯಾಹ್ನ ಮೂರರ ಗಾಡಿಗೆ ಹೊರಟರೆ ಅಪ್ಪನಿಗೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇವೆ. ಕಡಲ ಕಡೆಯ ಕಿಟಕಿಯೇ ಆಗಬೇಕೆಂದು ಅಮ್ಮನ ಹಟ. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ಹೋದಾಗ ಲಾಂಗ್ ಕೋ ದಾಟಿದ ಮೇಲೆ ಕಡಲು ಕಂಡಿತಂತೆ, ಅಪ್ಪ ಅವಳನ್ನು ಎಬ್ಬಿಸದೆ ಒಬ್ಬನೇ ನೋಡಿದನಂತೆ. ಐವತ್ತು ವರ್ಷದ ಹಳೆಯ ಜಗಳ ಇನ್ನೂ ಮುಗಿದಿಲ್ಲ. ಸಿಗಡಿಯ ಉಪ್ಪುಗೊಜ್ಜಿನ ಜಾಡಿ ಆಗಲೇ ಕಟ್ಟಿಟ್ಟಿದ್ದಾಳೆ. ರೈಲು ಡಬ್ಬಿಯಲ್ಲಿರುವವರೆಲ್ಲ ಮೂಗು ಮುಚ್ಚಿ ನಮ್ಮ ವಂಶವನ್ನೇ ಬಯ್ಯುತ್ತಾರೆ. ನೀನು ತಿನ್ನಲಾರೆ, ಬಲ್ಲೆ. ಅವಳ ಮುಂದೆ ಮುಚ್ಚಳ ತೆಗೆದು ಮೂಸಿದರೆ ಸಾಕು.

ನಿಲ್ದಾಣಕ್ಕೆ ನೀನು ಬರಬೇಡ, ಲೊವಾನ್ ಬರಲಿ. ನಾಲ್ಕೇ ನಾಲ್ಕು ಗಂಟೆ, ತಮ್ಮಾ. ಬೇಡ ಎಂದು ಮತ್ತೆ ಬರೆಯಬೇಡ. ನಿನ್ನನ್ನು ಕಾಣದೆ ಅವಳು ಹೋಗುವುದಾಗಲಿ, ಅವಳನ್ನು ಕಾಣದೆ ನೀನು ಹೋಗುವುದಾಗಲಿ, ಎರಡನ್ನೂ ಹೊರುವ ಶಕ್ತಿ ನನಗಿಲ್ಲ. ಅಪ್ಪನ ಮುಂದೆ ದಿನವೂ ನಿನ್ನ ಹೆಸರಿನಲ್ಲಿ ಒಂದು ಊದುಬತ್ತಿ ಹೆಚ್ಚು ಹಚ್ಚುತ್ತಿದ್ದೇನೆ. ನಿನಗೂ ಲೊವಾನ್‌ಗೂ ನೋವು ಕಡಿಮೆಯಾಗಿ ಕಣ್ತುಂಬ ನಿದ್ದೆ ಬರಲಿ.

ಇಂತಿ ನಿನ್ನ ಅಕ್ಕ,
ಡಿಯೆಪ್

ತಾ.ಕ.: ಇದನ್ನು ಬರೆಯುವುದೋ ಬೇಡವೋ ಎಂದು ಪತ್ರದುದ್ದಕ್ಕೂ ಒದ್ದಾಡಿದೆ. ಆ ಕ್ಯಾಲೆಂಡರಿನ ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಪೇಟೆಯಿಂದ ಬಂದು ಅಮ್ಮನನ್ನು ಕೇಳಿದರೆ, ಗೋಡೆಯ ಹತ್ತಿರ ಹೋಗಿ ಹಾಳೆಯನ್ನು ಅಂಗೈಯಲ್ಲಿ ಸವರಿ, ‘ಹದಿನಾಲ್ಕು ಅಂತ ಇಷ್ಟು ದಪ್ಪಗೆ ಬರೆದಿದೆಯಲ್ಲೇ, ನಿನಗೆ ಕಾಣಲ್ವಾ?’ ಎಂದಳು. ಅಲ್ಲಿ ಹದಿನೈದು ಎಂದಿತ್ತು. ಅವಳಿಗೆ ಕಣ್ಣಿಲ್ಲ, ಖಾಂಗ್. ಎರಡೂ ಹೋಗಿವೆ, ತೆತ್‌ಗೂ ಮೊದಲೇ. ಪಕ್ಕದ ಮನೆಯ ಉಟ್ ಅಜ್ಜಿಯನ್ನು ಒತ್ತಾಯಿಸಿದ ಮೇಲೆ ಬಾಯಿಬಿಟ್ಟಳು. ‘ಡಿಯೆಪ್‌ಗೆ ಹೇಳಬೇಡ, ಕಣ್ಣಿಲ್ಲ ಅಂತ ಗೊತ್ತಾದ್ರೆ ನನ್ನ ಮಗನ ಹತ್ರ ಕರ್ಕೊಂಡು ಹೋಗಲ್ಲ’ ಎಂದು ಅಮ್ಮ ಆ ಅಜ್ಜಿಯಿಂದ ಆಣೆ ಹಾಕಿಸಿಕೊಂಡಿದ್ದಾಳಂತೆ. ಈ ಪತ್ರವನ್ನು ಅವಳ ಎದುರೇ ಕೂತು ಬರೆಯುತ್ತಿದ್ದೇನೆ. ನಿನಗೆ ಒಯ್ಯಬೇಕಾದ ತಿಂಡಿಗಳ ಪಟ್ಟಿ ಎಂದಿದ್ದೇನೆ. ನೀನೂ ತಿಳಿದವನಂತೆ ತೋರಿಸಿಕೊಳ್ಳಬೇಡ. ರೈಲಿನಲ್ಲಿ ಅವಳು ಕಡಲು ನೋಡಿದಳೆಂದರೆ ನೋಡಿದಳು ಎಂದೇ ನಾನೂ ಅನ್ನುತ್ತೇನೆ. ಮುಖದ ಚಿಂತೆ ಬಿಡು. ಅವಳ ಕೈ ಮಾತ್ರ ನಿನ್ನನ್ನು ಹುಡುಕುತ್ತದೆ, ಅದಕ್ಕೆ ತಲೆಗೆ ಟೋಪಿ ಹಾಕು, ಒಳಗೆ ಎರಡು ಸ್ವೆಟರ್, ಮೇಲೆ ರೇವಿನ ದಪ್ಪ ಕೋಟು. ಸೆಕೆಯಾದರೆ ಸಹಿಸಿಕೋ. ಕೇಳಿದರೆ ನೆಗಡಿ ಎನ್ನು. ಇನ್ನೊಂದೇ ಮಾತು. ಅವಳ ಕಿವಿಗೆ ಮೋಸ ಮಾಡಲಾಗದು, ನಿನ್ನ ದನಿಯೋ ಸೊರಗಿಹೋಗಿದೆ. ಇಪ್ಪತ್ನಾಲ್ಕರಿಂದ ಯಾರ ಜೊತೆಗೂ ಮಾತಾಡಬೇಡ, ಲೊವಾನ್ ಜೊತೆಗೂ ಬೇಡ. ಇರುವ ದನಿಯನ್ನೆಲ್ಲ ಉಳಿಸಿಟ್ಟುಕೊಂಡು, ನಾವು ಅಂಗಳಕ್ಕೆ ಕಾಲಿಟ್ಟೊಡನೆ, ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಕೂಗುತ್ತಿದ್ದೆಯಲ್ಲ, ಹಾಗೆ ಒಂದೇ ಒಂದು ಸಲ ‘ಅಮ್ಮಾ’ ಎಂದು ಗಟ್ಟಿಯಾಗಿ ಕೂಗಿಬಿಡು.