ನಿನ್ನ ದೀಪ ಮೊದಲು

ಅಮ್ಮಾ,

ನಿನ್ನ ವಿಳಾಸ ನನಗೆ ಬೇಡ, ಸುದ್ದಿ ಮಾತ್ರ ಕೇಳು. ಇವತ್ತು ನಾಟಕ ಮುಗಿದ ಕೂಡಲೇ ನಿನ್ನ ದೀಪವನ್ನು, ನೀನು ನಿಂತು ಹಾಡುತ್ತಿದ್ದ ಜಾಗದ ಮೇಲಿನದನ್ನು, ಕೆಳಗಿನ ಸ್ವಿಚ್ ಒತ್ತಿ ಎಲ್ಲಕ್ಕಿಂತ ಮೊದಲು ಆರಿಸಿದೆ.

ಬಾಗಿಲು ಕಾಯುವ ಬೌದಿಲಿಯೊ ಮಾಮ ಕೂಗಿದ: "ಏ ಹುಡುಗಿ, ಅದು ಕೊನೇಗಲ್ವೇನೇ? ಇಡೀ ಕೊಲೋನಿಯಾ ಊರಿಗೇ ಗೊತ್ತು, ನಿಮ್ಮಮ್ಮ ಮಾಡಿಟ್ಟ ಪದ್ಧತಿ!"

"ಆ ಮಹಾರಾಣಿ ನದಿ ದಾಟಿ ಬ್ಯೂನಸ್ ಐರಿಸ್‌ಗೆ ಹೋಗಾಯ್ತಲ್ಲ ಮಾಮ, ಇನ್ಯಾರಿಗೆ ಈ ಮರ್ಯಾದೆ?" ಅಂದು ಏಣಿ ಹಿಡಿದು ಅಟ್ಟ ಹತ್ತಿ ಅಲ್ಲಿಂದ ಉಳಿದ ದೀಪಗಳನ್ನೂ ಆರಿಸಿದೆ.

ನಿನ್ನ ದೀಪವಿಲ್ಲದ ಕತ್ತಲಲ್ಲಿ ಇಳಿಯುವಾಗ ಏಣಿಯೇ ಕಾಣಲಿಲ್ಲ. ಬಿದ್ದೆ, ಮೊಣಕಾಲು ತರಚಿತು. ಮಾಮ ಟಾರ್ಚ್ ಹಿಡಿದು ಓಡಿ ಬಂದ. "ನೀನು ಬೀಳ್ಬಾರ್ದು ಅಂತಾನೇ ಕಣೇ ಅವಳು ಅದನ್ನ ಕೊನೇಗೆ ಇಡ್ಸಿದ್ದು."

ಕೇಳಿಸಿಕೊಂಡೆ. ಆದರೂ ನಾಳೆ ಅದನ್ನೇ ಮೊದಲು ಆರಿಸುತ್ತೇನೆ. ಬೇಕಿದ್ದರೆ ನೀನೇ ಬಂದು ನನ್ನನ್ನು ತಡೆ.